ಜೋಡಿ ಲೆಕ್ಕದ ಹೊಳೆವ್ವ

ಕಳೆದ ತಿಂಗಳು ಜಮಖಂಡಿಯ ಒಂದು ಕಲ್ಯಾಣ ಮಂಟಪದಲ್ಲಿ ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ಶುರುವಾಗುವ ಮೊದಲು ಹೊಳೆವ್ವನಿಗಾಗಿ ಎರಡು ನಿಮಿಷ ಮೌನ ಆಚರಿಸಿದರು. ವೇದಿಕೆಯ ಮೇಲೆ ಅವಳ ಫೋಟೋ ಇತ್ತು. ಯಾವುದೋ ಗುಂಪಿನ ಫೋಟೋದಿಂದ ಅವಳನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದ್ದರು. ಹೆಗಲ ಮೇಲೆ ಇನ್ನೊಬ್ಬರ ಕೈ ಹಾಗೇ ಉಳಿದುಕೊಂಡಿತ್ತು. ಬಳೆ ನೋಡಿ ಅದು ನನ್ನ ಕೈ ಎಂದು ಗುರುತಿಸಿದೆ. ಹಾರ ಹಾಕಿದವರು ಪ್ರತಿಮಾ ಮೇಡಂ, ನಮಗೆ ತರಬೇತಿ ಕೊಡಲು ಬೆಂಗಳೂರಿನ ಒಂದು ಸಂಸ್ಥೆಯಿಂದ ಬರುವವರು. ಮೈಕ್ ಹಿಡಿದು, "ಹೊಳೆವ್ವ ನಮ್ಮ ತರಬೇತಿಯ ಹೆಮ್ಮೆ. ಅವರಿಂದ ನಾವೂ ಕಲಿತಿದ್ದೀವಿ" ಎಂದರು.

ನಾನು ಕಣ್ಣು ಮುಚ್ಚಲಿಲ್ಲ. ಎರಡು ನಿಮಿಷವೂ ಆ ಮೇಡಮ್ಮನ ಮುಖವನ್ನೇ ನೋಡುತ್ತಿದ್ದೆ. ಎರಡು ವರ್ಷದ ಹಿಂದೆ ಇದೇ ಮಂಟಪದಲ್ಲಿ, ಇದೇ ಮೈಕಿನಲ್ಲಿ ಅವರು ಹೊಳೆವ್ವನಿಗೆ ಏನು ಹೇಳಿದ್ದರೆಂಬುದು ಅಲ್ಲಿದ್ದ ಅರವತ್ತು ಹೆಂಗಸರಿಗೂ ಗೊತ್ತಿತ್ತು. ಒಬ್ಬರೂ ತಲೆ ಎತ್ತಲಿಲ್ಲ. ಅವತ್ತಿನ ಆ ಮಾತು ಅವಳ ಹೆಸರಿನ ಜೊತೆ ಉಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಹೊಳೆವ್ವ ಸುಲಭದ ಹೆಂಗಸಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸತ್ತವರನ್ನು ಎಲ್ಲರೂ ಸೇರಿ ಮೆತ್ತಗೆ ಮಾಡಿಬಿಡುವುದನ್ನು ಕಂಡಿದ್ದೇನೆ. ಅವಳ ದನಿ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಮಗುವಿನ ಮೂಗು ಒರೆಸದೆ ಕಳಿಸಿದ ತಾಯಿಯನ್ನು ಓಣಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದಳು. ತಡವಾಗಿ ಬಂದವರಿಗೆ ಬಾಗಿಲು ತೆಗೆಯುತ್ತಿರಲಿಲ್ಲ. ತನ್ನ ತಪ್ಪನ್ನು ಅವಳು ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ಇಪ್ಪತ್ತೈದು ವರ್ಷದ ಗೆಳೆತನದಲ್ಲಿ ಒಮ್ಮೆ ಮಾತ್ರ ಕೇಳಿದ್ದೇನೆ.

ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನನ್ನ ಕೇಂದ್ರ ಬನಹಟ್ಟಿಯಲ್ಲಿ, ಮಗ್ಗಗಳ ಸದ್ದಿನ ನಡುವೆ. ಅವಳದು ಚಿಮ್ಮಡದಲ್ಲಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯ ಪಕ್ಕದಲ್ಲಿ. ಮೊದಲ ತರಬೇತಿಯಲ್ಲಿ ಒಂದು ತಿಂಗಳು ಒಂದೇ ಚಾಪೆಯ ಮೇಲೆ ಮಲಗಿದ್ದೆವು. ಅವಳ ಅಪ್ಪ ಅಮಸಿದ್ದಪ್ಪ ಕುರಿ ಕಾಯುವವನು, ಬೀರೇಶ್ವರನ ಒಕ್ಕಲು. ಆ ಮನೆತನದಲ್ಲಿ ಹತ್ತನೆಯ ತರಗತಿ ಪಾಸಾದ ಮೊದಲ ಹೆಣ್ಣುಮಗಳು ಹೊಳೆವ್ವ. ಲೋಕಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರು ಚಿಮ್ಮಡಕ್ಕೆ ಬಂದಳು. ಮಕ್ಕಳಿರಲಿಲ್ಲ. "ನನಗ ಮಕ್ಕಳಿಲ್ಲ ಅಂತ ಅಳಬ್ಯಾಡ್ರಿ, ಇಪ್ಪತ್ತಾರು ಅದಾವು, ಎಲ್ಲಾವೂ ಮೂಗಸುರ್ಕ" ಎಂದು ತಾನೇ ನಗುತ್ತಿದ್ದಳು.

ಈ ಬರಹಕ್ಕೆ ಬೇಕಾದದ್ದು ಅವಳ ಒಂದು ಪದ್ಧತಿ. ಸಂಜೆ ಕುರಿದಡ್ಡಿಯ ಬಾಯಲ್ಲಿ ಅವಳ ಅಪ್ಪ ಕಾಲಗಲಿಸಿ ನಿಂತು ಎರಡೆರಡೇ ಕುರಿಗಳನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದ. ಎಣಿಸುತ್ತಿದ್ದದ್ದು ಜೋಡಿಗಳನ್ನು. ಕೊನೆಗೆ ಒಂದು ಒಂಟಿಯಾಗಿ ಉಳಿದರೆ ಅಲ್ಲಿಂದ ಕದಲುತ್ತಿರಲಿಲ್ಲ. ಮೊದಲು ಅದರ ಜೋಡಿ ಎಲ್ಲಿ ಎಂದು ಹುಡುಕಬೇಕು, ಆಮೇಲೆ ನೀರು, ಆಮೇಲೆ ರೊಟ್ಟಿ.

ಹೊಳೆವ್ವ ಇದನ್ನೇ ಅಂಗನವಾಡಿಗೆ ತಂದಳು. ಜೂನ್ ತಿಂಗಳಲ್ಲಿ ಪ್ರತಿ ಮಗುವಿಗೂ ಒಂದು ಜೋಡಿ ಗೊತ್ತುಮಾಡುತ್ತಿದ್ದಳು. ಅದು ವರ್ಷವಿಡೀ ಬದಲಾಗುವಂತಿಲ್ಲ. ಬೆಳಿಗ್ಗೆ ಬಂದ ಮಗು ತನ್ನ ಚಪ್ಪಲಿಯನ್ನು ಜೋಡಿಯ ಚಪ್ಪಲಿಯ ಪಕ್ಕ ಬಿಡಬೇಕು. ಪ್ರಾರ್ಥನೆಯ ಹೊತ್ತಿಗೆ ಜೋಡಿ ಬಾರದಿದ್ದರೆ ಆ ಮಗು ಅವತ್ತು ಒಂಟಿ. ಮುಂದಿನ ಸಾಲಿನಲ್ಲಿ ಕೂರಬೇಕು, ತನ್ನ ಜೋಡಿ ಯಾಕೆ ಬಂದಿಲ್ಲ ಎಂದು ಎಲ್ಲರಿಗೂ ಹೇಳಬೇಕು. ಮನೆಗೆ ಬಿಡುವಾಗ ಅವಳು ಗೇಟಿನಲ್ಲಿ ಅಡ್ಡ ನಿಂತು, ಎರಡು ತಲೆಗಳ ಮೇಲೆ ಎರಡು ಅಂಗೈ ಇಟ್ಟು, "ಒಂದ್ ಜೋಡಿ, ಎರಡ್ ಜೋಡಿ" ಎಂದು ಹೊರಗೆ ಬಿಡುತ್ತಿದ್ದಳು. ಒಂಟಿಗಳು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಬೆಳಿಗ್ಗೆ ಒಂಟಿಯಾಗಿದ್ದವರೇ ಈಗಲೂ ಒಂಟಿಯಾಗಿದ್ದರೆ ಸರಿ. ಹೊಸ ಒಂಟಿ ಬಂತೋ, ಗೇಟು ಬಂದ್.

ಆ ಮಕ್ಕಳಿಗೆ ನಾಲ್ಕು ವರ್ಷಕ್ಕೇ ಸಮ ಸಂಖ್ಯೆ, ಬೆಸ ಸಂಖ್ಯೆ ಬರುತ್ತಿದ್ದವು. ಹನ್ನೊಂದು ಜೋಡಿ, ಎರಡು ಒಂಟಿ ಅಂದರೆ ಎಷ್ಟು ಮಂದಿ ಎಂದು ಥಟ್ಟನೆ ಹೇಳುತ್ತಿದ್ದರು. ನನ್ನ ಕೇಂದ್ರದ ಗೋಡೆಗೆ ಬಣ್ಣಬಣ್ಣದ ಅಂಕಿಗಳ ಚಾರ್ಟುಗಳಿದ್ದವು. ನನ್ನ ಮಕ್ಕಳಿಗೆ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಹೊಸ ಆದೇಶ ಬಂತು. ನಮ್ಮ ಭಾಗದ ಕೆಲವು ಅಂಗನವಾಡಿಗಳನ್ನು ಮೇಲ್ದರ್ಜೆಗೆ ಏರಿಸುತ್ತಾರೆ. ಐದು ದಿನದ ತರಬೇತಿ, ಆಮೇಲೆ ಅವರೇ ಕೇಂದ್ರಕ್ಕೆ ಬಂದು ನಡೆಸುವ ಪರೀಕ್ಷೆ. ಪಾಸಾದ ಕಾರ್ಯಕರ್ತೆ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಪಾಠ ಮಾಡಬಹುದು. ಫೇಲಾದವಳಿಗೆ ತೀರ ಸಣ್ಣ ಮಕ್ಕಳು, ಮನೆಮನೆಗೆ ಆಹಾರದ ಪೊಟ್ಟಣ ಹಂಚುವ ಕೆಲಸ; ದೊಡ್ಡ ಮಕ್ಕಳು ಹೊಸ ಶಿಕ್ಷಕಿಗೆ. ಚಿಮ್ಮಡಕ್ಕೆ ಆ ಹೊಸ ಶಿಕ್ಷಕಿಯ ಹೆಸರು ಆಗಲೇ ನಿಗದಿಯಾಗಿತ್ತು. ಅಕ್ಷತಾ, ಡಿಪ್ಲೊಮಾ ಮುಗಿಸಿದ ಹುಡುಗಿ. ಹೊಳೆವ್ವನಿಗೆ ಸಂಬಳ ಅದೇ ಇರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಆ ದೊಡ್ಡ ಮಕ್ಕಳು. ಬಸ್ಸಿನಲ್ಲಿ ಜಮಖಂಡಿಗೆ ಹೋಗುವಾಗ, "ಸಣ್ಣವು ಮಾತಾಡೂದಿಲ್ಲಬೇ. ನನಗ ಬಾಯಿ ಬಾಯಿ ಹಚ್ಚಾವು ಬೇಕು" ಎಂದಳು.

ಮೂರನೆಯ ದಿನ ಪ್ರತಿಮಾ ಮೇಡಂ, "ನಿಮ್ಮ ಕೇಂದ್ರದಲ್ಲಿ ನೀವೇ ಕಂಡುಕೊಂಡ ಒಂದು ಪದ್ಧತಿ ಹೇಳಿ" ಎಂದರು. ಎಲ್ಲರೂ ಮೊಬೈಲಿನಲ್ಲಿ ಕಂಡ ಹಾಡು ಹೇಳಿದರು, ನಾನೂ. ಹೊಳೆವ್ವ ಎದ್ದು ನಮ್ಮಲ್ಲಿ ಇಪ್ಪತ್ತು ಮಂದಿಯನ್ನು ಎಬ್ಬಿಸಿ ಜೋಡಿ ಮಾಡಿ, ಮಂಟಪದ ಬಾಗಿಲಲ್ಲಿ ಅಡ್ಡ ನಿಂತಳು. ನಾವು ನಗುತ್ತ, ಬಗ್ಗಿ, ಅವಳ ಕೈ ಕೆಳಗೆ ದಾಟಿದೆವು. ಅವಳು ಅಪ್ಪನ ಕುರಿದಡ್ಡಿಯ ಕತೆಯನ್ನೂ ಹೇಳಿದಳು. ಹೇಳಬಾರದಿತ್ತು.

"ನಿಲ್ಲಿಸಿ, ನಿಲ್ಲಿಸಿ" ಎಂದರು ಮೇಡಂ. "ಮಕ್ಕಳೇನು ಕುರಿಗಳಾ? ತಲೆ ಮುಟ್ಟಿ ಎಣಿಸೋದು, ಗೋಡೆಗೆ ನಿಲ್ಲಿಸೋದು, ಇದೆಲ್ಲ ಶಿಕ್ಷೆ. ಇದನ್ನೇ ನಾವು ಬಿಡಬೇಕಾಗಿರೋದು." ಬೋರ್ಡಿನ ಮೇಲೆ 'ಮಾಡಬಾರದು' ಎಂಬ ಪಟ್ಟಿಯ ಕೆಳಗೆ ಬರೆದರು: ಕುರಿ ಎಣಿಕೆ.

"ಕುರಿ ಅಂದ್ರ ಬೈಗುಳ ಅಂತ ನಿಮಗ್ಯಾರು ಹೇಳ್ಯಾರ್ರಿ?" ಎಂದಳು ಹೊಳೆವ್ವ. "ನಮ್ಮಪ್ಪ ಒಂದ ಒಂದು ಕುರಿ ಕಳಕೊಂಡಿಲ್ಲ. ನಿಮ್ಮ ಪುಸ್ತಕದಾಗ ಹುಡುಗ ಕಳದ್ರ ಏನ್ ಮಾಡಬೇಕಂತ ಬರದಾರು, ಓದ್ರಿ ನೋಡೂಣು."

"ಧ್ವನಿ ತಗ್ಗಿಸಿ ಮಾತಾಡಿ."

"ನನ್ನ ಧ್ವನಿ ಇಷ್ಟ ಇರೂದ್ರಿ."

ಆಗ ಹಿಂದಿನ ಸಾಲಿನಿಂದ ಬೀಳಗಿ ಕಡೆಯ ಶಿವಗಂಗವ್ವ "ಮ್ಯಾ..." ಎಂದಳು. ಇಡೀ ಮಂಟಪ ನಕ್ಕಿತು. ಮೇಡಂ ಕೂಡ ಬಾಯಿಗೆ ಕರವಸ್ತ್ರ ಹಿಡಿದರು. ಯಾರೋ ವಿಡಿಯೋ ಮಾಡಿದ್ದರು. ಮಧ್ಯಾಹ್ನದ ಊಟ ಮುಗಿಯುವ ಮೊದಲೇ ಅದು ನಮ್ಮ ವಾಟ್ಸಾಪ್ ಗುಂಪಿಗೆ ಬಂತು, ಕೆಳಗೆ ಸಾಲಾಗಿ ಕುರಿಯ ಚಿತ್ರಗಳು. ಅವು ಯಾವ ಕುಲದ ಹೆಂಗಸಿಗೆ ಕಳಿಸಿದ ಚಿತ್ರಗಳು ಎಂಬುದು ಕಳಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಆ ಗುಂಪಿನಲ್ಲಿ ಒಂದು ಮಾತೂ ಬರೆಯಲಿಲ್ಲ. ಉಳಿದ ಎರಡು ದಿನ ಹೊಳೆವ್ವ ಬಾಗಿಲು ದಾಟಿದಾಗಲೆಲ್ಲ ಎಲ್ಲಿಂದಲೋ "ಮ್ಯಾ" ಕೇಳುತ್ತಿತ್ತು. ಐದನೆಯ ದಿನ ಅವಳು ಶಿವಗಂಗವ್ವನ ಚಹಾದ ಕಪ್ಪನ್ನು ಕೈಯಿಂದ ಕಸಿದು ನೆಲಕ್ಕೆ ಚೆಲ್ಲಿ, ಖಾಲಿ ಕಪ್ಪನ್ನು ವಾಪಸು ಕೊಟ್ಟಳು. "ಕುರಿ ಕುಡೀತು" ಎಂದಳು.

ಪರೀಕ್ಷೆ ಡಿಸೆಂಬರಿನಲ್ಲಿ ಎಂದು ಗೊತ್ತಾಯಿತು. ತನ್ನ ಎಣಿಕೆಯನ್ನೇ ಮಾಡುತ್ತೇನೆಂದು ಅವಳು ಹಟ ಹಿಡಿದಿದ್ದಳು, ನಾನು ಬುದ್ಧಿ ಹೇಳಿದೆ. ಓದಿದವಳೆಂಬ ಜಂಬ ನನಗೆ. ಬನಹಟ್ಟಿಯ ನಮ್ಮ ಮನೆಯಲ್ಲಿ, ಪಕ್ಕದ ಮಗ್ಗಗಳ ಸದ್ದಿನಲ್ಲಿ ಕೂಗಿ ಕೂಗಿ ಅವಳಿಗೆ ಕೈಪಿಡಿಯ ಪಾಠ ಬಾಯಿಪಾಠ ಮಾಡಿಸಿದೆ. ಕೈಪಿಡಿಯ ಪ್ರಕಾರ ಮಕ್ಕಳನ್ನು ಕಳಿಸುವ ರೀತಿ ಬೇರೆ. ಬಾಗಿಲ ಬಳಿ ನಾಲ್ಕು ಚಿತ್ರಗಳ ಚಾರ್ಟು: ಅಪ್ಪುಗೆ, ಕೈಕುಲುಕು, ಚಪ್ಪಾಳೆ, ನಮಸ್ಕಾರ. ಮಗು ತನಗೆ ಇಷ್ಟವಾದ ಚಿತ್ರ ಮುಟ್ಟಬೇಕು, ಶಿಕ್ಷಕಿ ಹಾಗೇ ಬೀಳ್ಕೊಡಬೇಕು.

"ಅದರಾಗ ಎಣಿಸೂದು ಎಲ್ಲೈತಿ?" ಎಂದಳು.

"ಎಣಿಸಬ್ಯಾಡ. ಅವತ್ತೊಂದಿನ ಬಿಡು. ಮುಂಜಾನೆ ಚಪ್ಪಲಿ ಜೋಡಿ, ಒಂಟಿ, ಯಾವುದೂ ಬ್ಯಾಡ. ಆ ಮೇಡಂ ನೋಡಿದ್ರ ಅಲ್ಲೇ ಸೊನ್ನಿ ಹಾಕ್ತಾರ."

"ಅವತ್ತೊಂದಿನ?"

"ಒಂದಿನ. ಆಮ್ಯಾಲ ನಿನ್ನ ಮಕ್ಕಳು ನಿನಗ."

ಅವಳು ಕೈಪಿಡಿ ಮುಚ್ಚಿ, "ಆತು, ನೀ ಹೇಳ್ತಿ ಅಂದ್ರ" ಎಂದಳು.

ಪರೀಕ್ಷೆಯ ದಿನ ನಾನು ರಜೆ ಹಾಕಿ ಚಿಮ್ಮಡಕ್ಕೆ ಹೋದೆ. ಅವಳು ಹೊಸ ಸೀರೆ ಉಟ್ಟಿದ್ದಳು. ಚಪ್ಪಲಿಗಳು ಅಂಗಳದ ತುಂಬ ಚೆಲ್ಲಾಡಿದ್ದವು. ಮಕ್ಕಳು ಬಂದು ಎಲ್ಲಿ ಬಿಡಬೇಕೆಂದು ತಿಳಿಯದೆ ಅವಳ ಮುಖ ನೋಡುತ್ತಿದ್ದರು. ಪ್ರತಿಮಾ ಮೇಡಂ ಮತ್ತು ಇನ್ನೊಬ್ಬ ಅಧಿಕಾರಿಯ ಜೀಪು ಬಂದದ್ದು ಮಧ್ಯಾಹ್ನ ಎರಡೂವರೆಗೆ. ಮಕ್ಕಳೆಲ್ಲ ಜೀಪು ನೋಡಲು ಅಂಗಳಕ್ಕೆ ಓಡಿದರು, ನಾವು ತಳ್ಳಿ ಒಳಗೆ ಕರೆತಂದೆವು. ಚಾಲಕ ಜೀಪನ್ನು ಹಿಂದಕ್ಕೆ ತೆಗೆಯಲು ಗೇಟನ್ನು ಪೂರಾ ತೆರೆದ. ಮುಚ್ಚಲಿಲ್ಲ. ನಾನು ಅದನ್ನು ನೋಡಿದೆ, ನೋಡಿಯೂ ಕುರ್ಚಿ ಹಾಕುವ ಗಡಿಬಿಡಿಯಲ್ಲಿ ಒಳಗೆ ಹೋದೆ.

ಪಾಠ ಚೆನ್ನಾಗಿಯೇ ಆಯಿತು. ಅವಳು ಕೈಪಿಡಿಯ ಒಂದೊಂದು ಮಾತನ್ನೂ, ನಮ್ಮೂರಲ್ಲಿ ಯಾರೂ ಆಡದ ಆ ಮಾತುಗಳನ್ನು, ತಗ್ಗಿದ ದನಿಯಲ್ಲಿ ಒಪ್ಪಿಸಿದಳು. ಮೇಡಂ ಕಾಗದದ ಮೇಲೆ ಗುರುತು ಹಾಕುತ್ತಿದ್ದರು. ಕೊನೆಗೆ ಬೀಳ್ಕೊಡುಗೆ. ಮಕ್ಕಳು ಅಭ್ಯಾಸಬಲದಿಂದ ಎರಡೆರಡಾಗಿ ನಿಂತುಬಿಟ್ಟರು. ಹೊಳೆವ್ವ ಅವರನ್ನು ಬಿಡಿಸಿ ಚಾರ್ಟಿನ ಕಡೆಗೆ ಕಳಿಸಿದಳು. ಒಂದು ಅಪ್ಪುಗೆ, ಎರಡು ನಮಸ್ಕಾರ, ಹೀಗೆ ನಡೆಯಿತು. ಒಬ್ಬ ಹುಡುಗಿ ಮಾತ್ರ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ರೇಷ್ಮಾ ಎಂದು ಹೆಸರು, ಐದು ವರ್ಷ.

"ಬಾ ಪುಟ್ಟಿ, ಯಾವ ಚಿತ್ರ?" ಎಂದರು ಮೇಡಂ.

"ನನ್ನ ಜೋಡಿ ಇಲ್ರಿ."

"ಜೋಡಿ ಬೇಡಮ್ಮ ಇವತ್ತು."

"ಮಹಾಲಿಂಗ ಮುಂಜಾನಿ ಬಂದಿದ್ನ್ರಿ ಅಕ್ಕೋರ. ಈಗಿಲ್ಲ."

ಹೊಳೆವ್ವನ ಮುಖ ಬದಲಾದದ್ದನ್ನು ನಾನು ನೋಡಿದೆ. ಗೇಟಿನ ಕಡೆ ನೋಡಿದಳು. ಮೇಡಂ, "ಮನೆಗೆ ಹೋಗಿರ್ತಾನೆ, ಸಹಾಯಕಿಯನ್ನ ಕಳಿಸಿ. ಈಗ ನಿಮ್ಮ ಸ್ವಮೌಲ್ಯಮಾಪನ ಇದೆ, ಕೂತ್ಕೊಳ್ಳಿ. ಇದಕ್ಕೇ ಹೆಚ್ಚು ಅಂಕ" ಎಂದರು. ಹೊಳೆವ್ವ ಸೀರೆ ಎತ್ತಿ ಕಟ್ಟಿ ಓಡಿದಳು. ನಾನು ಹಿಂದೆ ಓಡಿದೆ. ನಮ್ಮ ಹಿಂದೆ ಕಾಗದ ಹಿಡಿದುಕೊಂಡೇ ಮೇಡಂ.

ಅದು ಕಬ್ಬು ನುರಿಸುವ ಕಾಲ. ರಸ್ತೆಯ ಅಂಚಿನಲ್ಲಿ ಕಬ್ಬು ತುಂಬಿದ ಜೋಡು ಟ್ರೇಲರಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಮೂರನೆಯ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನ ಕೆಳಗೆ, ಎರಡು ಗಾಲಿಗಳ ನಡುವೆ ಮಹಾಲಿಂಗ ಕೂತಿದ್ದ. ಉದುರಿದ ಕಬ್ಬಿನ ತುಂಡನ್ನು ಹಲ್ಲಿನಿಂದ ಸುಲಿಯುತ್ತಿದ್ದ. ಮುಂದಿನ ಟ್ರ್ಯಾಕ್ಟರು ಆಗಲೇ ಚಾಲೂ ಆಗಿ ಹೊಗೆ ಬಿಡುತ್ತಿತ್ತು. ಹೊಳೆವ್ವ ನೆಲಕ್ಕೆ ಬಿದ್ದು, ರಟ್ಟೆ ಹಿಡಿದು ಅವನನ್ನು ಎಳೆದು ತೆಗೆದಳು. ತೆಗೆದು ನಿಲ್ಲಿಸಿ ಕೆನ್ನೆಗೆ ಒಂದು ಬಾರಿಸಿದಳು. ಜೋರಾಗಿಯೇ ಬಾರಿಸಿದಳು, ಮೇಡಂ ನೋಡುತ್ತಿರುವಾಗ. ಆಮೇಲೆ ಅವನನ್ನು ಎದೆಗೆ ಒತ್ತಿಕೊಂಡು ರಸ್ತೆಯ ಮಧ್ಯೆಯೇ ಕೂತಳು. ಹೊಸ ಸೀರೆಯ ಮೊಣಕಾಲು ಹರಿದಿತ್ತು.

ವರದಿಯನ್ನು ಆಮೇಲೆ ನಾನು ಓದಿದ್ದೇನೆ. ಮೌಲ್ಯಮಾಪನದ ಮಧ್ಯೆ ಕೇಂದ್ರ ಬಿಟ್ಟು ಹೋದರು. ಮಗುವಿಗೆ ದೈಹಿಕ ಶಿಕ್ಷೆ ನೀಡಿದರು. ಮಕ್ಕಳ ಸುರಕ್ಷತೆಯಲ್ಲಿ ನಿರ್ಲಕ್ಷ್ಯ. ಗೇಟು ತೆರೆದಿಟ್ಟ ಚಾಲಕನ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಅದನ್ನು ನಾನು ಮೇಡಂಗೆ ಕೇಳಿದಾಗ, "ಗೇಟು ಕೇಂದ್ರದ ಜವಾಬ್ದಾರಿ ಅಲ್ವಾ?" ಎಂದರು. ವರದಿಯ ಜೊತೆ ಹುಡುಗನ ಅಜ್ಜ ಕರೆಪ್ಪನ ದೂರೂ ಇತ್ತು. ಅವತ್ತು ಸಂಜೆ ಆತ ಅಂಗಳಕ್ಕೆ ಬಂದು, "ನನ್ನ ಮೊಮ್ಮಗನ್ನ ಬಡಿಯಾಕ ನೀ ಯಾವಾಕಿಲೇ?" ಎಂದು ಕೂಗಾಡಿ, ಯಾರೋ ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕಿದ್ದ. ಮೊಮ್ಮಗ ಎಲ್ಲಿ ಸಿಕ್ಕಿದ ಎಂದು ಆತ ಕೇಳಲೇ ಇಲ್ಲ.

ಜನವರಿಯಿಂದ ದೊಡ್ಡ ಮಕ್ಕಳು ಅಕ್ಷತಾಳ ಕೋಣೆಗೆ ಹೋದರು. ಒಂದೇ ಕಟ್ಟಡ, ನಡುವೆ ಒಂದು ಗೋಡೆ. ಹೊಳೆವ್ವನಿಗೆ ಮಾತು ಬಾರದ ಆರು ಕೂಸುಗಳು ಮತ್ತು ಆಹಾರದ ಪೊಟ್ಟಣಗಳು. ಮೂರು ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ. ಯುಗಾದಿಯ ಮರುದಿನ ತಾನೇ ಬನಹಟ್ಟಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು.

"ಚಪ್ಪಲಿ ಜೋಡಿ ಇಟ್ಟಿದ್ರ ಅವ ಹೊರಗ ಹೋದ ಗಳಿಗ್ಯಾಗ ರೇಷ್ಮಾ ಹೇಳ್ತಿದ್ಲು" ಎಂದಳು. "ನೀ ಬ್ಯಾಡ ಅಂದಿ, ನಾ ಬಿಟ್ನಿ. ಅದು ನಿಂದು."

"ಹೌದು" ಎಂದೆ.

"ಹೊಡೀಬಾರದಿತ್ತು. ಅದು ನಂದು."

ಚಹಾ ಕುಡಿದು ಹೋದಳು. ನಾನು ಮೊದಲು ಹೇಳಿದ ಅವಳ ಆ ಒಂದೇ ತಪ್ಪೊಪ್ಪಿಗೆ ಇದು. ಅವಳು ನನ್ನನ್ನು ಕ್ಷಮಿಸಿದಳೆಂದು ಬರೆಯಲಾರೆ. ಮಾತಾಡತೊಡಗಿದಳು, ಅಷ್ಟೇ.

ಈ ಆಗಸ್ಟಿನಲ್ಲಿ ಅವಳಿಗೆ ಕಾಮಾಲೆ ಆಯಿತು. ಹದಿನೇಳು ದಿನ. ಕೊನೆಯ ನಾಲ್ಕು ದಿನ ನಾನು ಅಲ್ಲೇ ಇದ್ದೆ. ಮಣ್ಣಿಗೆ ಇಡುವಾಗ ಎಲ್ಲರಿಗಿಂತ ಜೋರಾಗಿ ಅತ್ತವನು ಕರೆಪ್ಪ. ನಾನು ಅವನ ಪಕ್ಕದಿಂದ ಎದ್ದು ಬೇರೆ ಕಡೆ ನಿಂತೆ.

ಇನ್ನು ಆ ಮಂಟಪಕ್ಕೆ ಬರುತ್ತೇನೆ. ಮೌನ ಮುಗಿದು ಎಲ್ಲರೂ ಕೂತ ಮೇಲೆ ಪ್ರತಿಮಾ ಮೇಡಂ ಪರದೆಯ ಮೇಲೆ ಈ ವರ್ಷದ ಹೊಸ ಕೈಪಿಡಿ ತೋರಿಸಿದರು. ಹದಿನಾಲ್ಕನೆಯ ಪುಟ: 'ಜೋಡಿ ವಿದಾಯ'. ಮಕ್ಕಳು ಎರಡೆರಡಾಗಿ ಬಾಗಿಲು ದಾಟುವ ಚೆಂದದ ಚಿತ್ರ. ಕೆಳಗೆ, 'ಉತ್ತರ ಕರ್ನಾಟಕದ ಒಂದು ಸ್ಥಳೀಯ ಪದ್ಧತಿಯಿಂದ' ಎಂದಿತ್ತು. ಊರಿಲ್ಲ, ಹೆಸರಿಲ್ಲ, ಕುರಿದಡ್ಡಿಯೂ ಇಲ್ಲ. ಅವಳ ಫೋಟೋ ಅಲ್ಲೇ ಪಕ್ಕದಲ್ಲಿ ಹಾರ ಹಾಕಿಕೊಂಡು ನಿಂತಿತ್ತು. ಮೇಡಂ ಕೊನೆಯ ಸಾಲನ್ನು ಓದಿದರು: "ಜೋಡಿ ಇಲ್ಲದೆ ಉಳಿದ ಮಗುವಿಗೆ ಒಂಟಿತನ ಕಾಡದಂತೆ ಶಿಕ್ಷಕಿಯೇ ಜೋಡಿಯಾಗಿ ಕೈಹಿಡಿದು ಕಳಿಸಬೇಕು."

ನಾನು ಎದ್ದು ನಿಂತೆ. ಎರಡು ವರ್ಷ ತಡವಾಗಿ.

"ಅದು ತಪ್ಪೈತ್ರಿ ಮೇಡಂ."

"ಹೇಳಿ ವೈಶಾಲಿ."

"ಒಂಟಿಗೆ ನೀವು ಜೋಡಿ ಆದ್ರ ಲೆಕ್ಕ ಮುಚ್ಚಿಹೋಗ್ತೈತಿ. ಒಂಟಿ ಒಂಟಿಯಾಗೇ ನಿಲ್ಲಬೇಕು. ಇನ್ನೊಂದು ಎಲ್ಲೈತಿ ಅಂತ ಹೇಳೂದು ಅದೊಂದ. ಅವತ್ತು ರೇಷ್ಮಾನ ಕೈ ಹಿಡದು ನೀವು ಕಳಿಸಿಬಿಟ್ಟಿದ್ರ ಆ ಹುಡುಗ ಗಾಲಿ ಕೆಳಗ ಇರ್ತಿದ್ದ. ನೀವು ಅಲ್ಲೇ ಇದ್ರಿ. ನೋಡೀರಿ."

"ಮಗುವಿಗೆ ಬೇಜಾರಾಗುತ್ತೆ ಅನ್ನೋ ದೃಷ್ಟಿಯಿಂದ..."

"ಆಗ್ಲಿ. ಮತ್ತ ಅಲ್ಲಿ ಹೆಸರು ಬರೀರಿ. ಹೊಳೆವ್ವ, ಚಿಮ್ಮಡ. ಈ ಮಂಟಪದಾಗ ಕುರಿ ಎಣಿಕಿ ಅಂತ ಬರದವ್ರು ನೀವ."

ಹಿಂದಿನ ಸಾಲಿನಲ್ಲಿ ಶಿವಗಂಗವ್ವ ಕೆಮ್ಮಿದಳು. ನಾನು ತಿರುಗಿ, "ಇವತ್ತ್ಯಾಕ ಒದರವಲ್ಲಿ? ಒದರು" ಎಂದೆ. ಅವಳು ಸೆರಗು ಸರಿಮಾಡಿಕೊಂಡಳು. ಮೇಡಂ, ಸಲಹೆಯನ್ನು ಸಮಿತಿಗೆ ಕಳಿಸುತ್ತೇವೆ ಎಂದು ಹೇಳಿ ಮುಂದಿನ ಪುಟಕ್ಕೆ ಹೋದರು. ಹದಿನಾಲ್ಕನೆಯ ಪುಟ ಇವತ್ತಿಗೂ ಹಾಗೇ ಇದೆ.

ಮೊನ್ನೆ ಶುಕ್ರವಾರ ಚಿಮ್ಮಡಕ್ಕೆ ಹೋಗಿದ್ದೆ, ಅವಳ ಪೆಟ್ಟಿಗೆಯಲ್ಲಿದ್ದ ನನ್ನ ಪುಸ್ತಕಗಳನ್ನು ತರಲು. ಮಕ್ಕಳನ್ನು ಬಿಡುವ ಹೊತ್ತು. ಅಕ್ಷತಾ ಗೇಟಿನಲ್ಲಿ ಅಡ್ಡ ನಿಂತು, ಎರಡೆರಡು ತಲೆ ಮುಟ್ಟಿ ಬಿಡುತ್ತಿದ್ದಳು. ಗೋಡೆಗೆ ಬೆನ್ನು ಹಚ್ಚಿ ಒಂದು ಹುಡುಗಿ ನಿಂತಿದ್ದಳು. ಆ ಮಗುವಿನ ಮುಖ ಊದಿಕೊಂಡಿತ್ತು, ಬೇಜಾರಾಗಿತ್ತು ನಿಜ. ಅಕ್ಷತಾ ಗೇಟಿಗೆ ಚಿಲಕ ಹಾಕಿ, ಉಳಿದವರನ್ನೆಲ್ಲ ಅಲ್ಲೇ ತಡೆದು, ಆ ಹುಡುಗಿಯ ಜೋಡಿಯ ಮನೆಗೆ ಫೋನು ಹಚ್ಚಿದಳು. "ಅಮ್ಮ ಬಂದು ಕರಕೊಂಡು ಹೋದ್ರೇನ್ರಿ? ಹೇಳಿ ಹೋಗಬೇಕಲ್ರಿ" ಎಂದು ಯಾರಿಗೋ ಗದರಿಸಿ, ಆಮೇಲೆ ಚಿಲಕ ತೆಗೆದಳು.

"ಇದನ್ನ ಯಾರು ಕಲಿಸಿದ್ರು?" ಎಂದು ಕೇಳಿದೆ.

"ಯಾರೂ ಕಲಿಸಿಲ್ರಿ. ಹುಡುಗೂರ ಬಿಡಲಿಲ್ಲ. ನಾ ಬಂದ ಮೊದಲನೇ ದಿನ ಚಾರ್ಟ್ ಹಚ್ಚಿದ್ನಿ, ಒಂದೂ ಹೊರಗ ಹೋಗವಲ್ದು. ಎಣಿಸ್ರಿ ಅಂತ ನಿಂತ್ವು. ದೊಡ್ಡವು ಸಣ್ಣವಕ್ಕ ಕಲಿಸಿ ಹೋಗ್ಯಾವು." ಆಮೇಲೆ ಗೋಡೆಯ ಕಡೆ ಕೈ ತೋರಿಸಿ, "ಗ್ವಾಡಿ ಆಚೆ ಕಡಿಯಿಂದ ಹೊಳೆವ್ವಕ್ಕನೂ ಎಣಿಸ್ತಿದ್ರು ಅನಸ್ತದ್ರಿ. ನಾ ಒಂದ್ ಜೋಡಿ ತಪ್ಪಿದ್ರ ಅಲ್ಲಿಂದ ಒದರತಿದ್ರು" ಎಂದಳು.

ಛಲೋ ಮಾಡಾಕತ್ತೀರಿ ಎಂದು ಅಕ್ಷತಾಗೆ ಹೇಳಬೇಕಿತ್ತು. ಪುಸ್ತಕದ ಚೀಲ ಎತ್ತಿಕೊಂಡು ಬಸ್ಸಿಗೆ ನಡೆದೆ.